ನಾಯಕರನ್ನು ಹುಡುಕುವವರು ಓದದ ಅಧ್ಯಾಯ

ಹಳೆಯ ಒಡಂಬಡಿಕೆಯ ‘ನ್ಯಾಯಸ್ಥಾಪಕರು’ ಎಂಬ ಭಾಗವನ್ನು ನಾಯಕತ್ವದ ಕೈಪಿಡಿಯೆಂದು ಓದಿಸುವ ಚಾಳಿಯನ್ನು ನಾವು ಒಪ್ಪುವುದಿಲ್ಲ. ಈ ವಿಷಯದಲ್ಲಿ ಪ್ರವಚನಕಾರರೂ ಆಡಳಿತ ತರಬೇತಿಯ ಉಪನ್ಯಾಸಕರೂ ಒಂದೇ ಪಂಕ್ತಿಯಲ್ಲಿ ಕುಳಿತವರು. ಇಬ್ಬರಿಗೂ ಅಚ್ಚುಮೆಚ್ಚಿನದು ಗಿದ್ಯೋನನ ಕಥೆ. ಮಿದ್ಯಾನ್ಯರ ವಿರುದ್ಧ ಯುದ್ಧಕ್ಕೆ 32,000 ಜನ ನೆರೆದರು. ಅಂಜುವವರು ಹಿಂದಿರುಗಬಹುದೆಂದಾಗ 22,000 ಜನ ಹೊರಟುಹೋದರು. ಉಳಿದವರನ್ನು ನೀರು ಕುಡಿಯುವ ಬಗೆಯಿಂದ ಪರೀಕ್ಷಿಸಿ 300 ಮಂದಿಯನ್ನು ಆರಿಸಲಾಯಿತು. ಕೊಂಬು, ಬರಿದಾದ ಕೊಡ, ಅದರೊಳಗೊಂದು ಪಂಜು, ಇಷ್ಟರಿಂದಲೇ ಶತ್ರುಪಾಳೆಯ ಚೆಲ್ಲಾಪಿಲ್ಲಿಯಾಯಿತು. ಆಯ್ದ ಪಡೆಯ ಬಲ, ನಾಯಕನ ಜಾಣ್ಮೆ ಎಂದು ಪಾಠ ಒಪ್ಪಿಸಿ ಇವರು ಏಳನೆಯ ಅಧ್ಯಾಯಕ್ಕೇ ಪುಸ್ತಕ ಮುಚ್ಚುತ್ತಾರೆ. ಗೆಲುವು ತಮ್ಮ ಕೈಯದೆಂದು ಜನ ಬೀಗಬಾರದೆಂಬ ಕಾರಣಕ್ಕೇ ಪಡೆಯನ್ನು ಕುಗ್ಗಿಸಲಾಯಿತೆಂದು ಮೂಲವು ನೇರವಾಗಿ ಹೇಳುತ್ತದೆ. ಪಾಠವನ್ನು ತಲೆಕೆಳಗು ಮಾಡಿದವರು ವ್ಯಾಖ್ಯಾನಕಾರರು.

ಎಂಟನೆಯ ಅಧ್ಯಾಯದಲ್ಲಿ ಏನಿದೆ? ಶತ್ರುಗಳನ್ನು ಬೆನ್ನಟ್ಟಿ ಬಳಲಿದ ತನ್ನವರಿಗೆ ಗಿದ್ಯೋನ ಸುಕ್ಕೋತಿನಲ್ಲಿ ರೊಟ್ಟಿ ಕೇಳುತ್ತಾನೆ, ಊರವರು ಕೊಡುವುದಿಲ್ಲ. ಗೆದ್ದು ಮರಳುವಾಗ ಆ ಊರಿನ 77 ಹಿರಿಯರ ಹೆಸರುಗಳನ್ನು ಬರೆಸಿಕೊಂಡು ಅವರನ್ನು ಮುಳ್ಳುಗಳಿಂದ ದಂಡಿಸುತ್ತಾನೆ. ಪೆನೂವೇಲಿನ ಗೋಪುರ ಕೆಡವಿ ಊರ ಗಂಡಸರನ್ನು ಕೊಲ್ಲುತ್ತಾನೆ. ಸೆರೆಸಿಕ್ಕ ಇಬ್ಬರು ಮಿದ್ಯಾನ್ ಅರಸರನ್ನು ಕೊಲ್ಲೆಂದು ತನ್ನ ಚೊಚ್ಚಲ ಮಗ ಯೆತೆರನಿಗೆ ಅಪ್ಪಣೆ ಮಾಡುತ್ತಾನೆ. ಇನ್ನೂ ಎಳೆಯನಾದ ಹುಡುಗ ಹೆದರಿ ಕತ್ತಿ ಹಿರಿಯುವುದಿಲ್ಲ. ಆ ಹುಡುಗನ ಹಿಂಜರಿಕೆಯೇ ಈ ಅಧ್ಯಾಯದಲ್ಲಿ ನಮಗೆ ಮನುಷ್ಯಸಹಜವಾಗಿ ಕಂಡದ್ದು.

ಆಮೇಲೆ ಜನ ಬಂದು, ನೀನೂ ನಿನ್ನ ಮಗನೂ ಮೊಮ್ಮಗನೂ ನಮ್ಮನ್ನು ಆಳಿರೆಂದು ಬೇಡುತ್ತಾರೆ. ಆಳುವವನು ದೇವರೊಬ್ಬನೇ ಎಂದು ಗಿದ್ಯೋನ ನಿರಾಕರಿಸುತ್ತಾನೆ. ಮಾರ್ಟಿನ್ ಬೂಬರ್ 1932ರಲ್ಲಿ ದೇವರ ಅರಸುತನವನ್ನು ಕುರಿತು ಬರೆದ ಗ್ರಂಥಕ್ಕೆ ಈ ನಿರಾಕರಣೆಯೇ ತಳಹದಿ. ಮಾತು ದೊಡ್ಡದು, ನಿಜ. ಆದರೆ ಅದೇ ಉಸಿರಿನಲ್ಲಿ ಅವನು ಕೊಳ್ಳೆಯ ಓಲೆಗಳನ್ನು ಕೇಳಿ ಪಡೆಯುತ್ತಾನೆ. 1,700 ಶೆಕೆಲ್ ತೂಕದ ಚಿನ್ನ! ಅದರಿಂದ ಏಫೋದವೊಂದನ್ನು ಮಾಡಿಸಿ ತನ್ನೂರಾದ ಒಫ್ರದಲ್ಲಿಡುತ್ತಾನೆ. ಜನ ಅದನ್ನೇ ಪೂಜಿಸತೊಡಗುತ್ತಾರೆ. ಸಿಂಹಾಸನವನ್ನು ಬಾಗಿಲಿಂದ ಹೊರಹಾಕಿ ಕಿಟಕಿಯಿಂದ ಒಳಕರೆದಂತಾಯಿತು. ಹಲವು ಹೆಂಡಿರು, ಎಪ್ಪತ್ತು ಗಂಡುಮಕ್ಕಳು. ಶೆಕೆಮಿನ ಉಪಪತ್ನಿಯಲ್ಲಿ ಹುಟ್ಟಿದ ಮಗನ ಹೆಸರು ಅಬೀಮೆಲೆಕ. ಅರ್ಥ, ‘ನನ್ನ ತಂದೆ ಅರಸ’. ಅರಸುತನ ಒಲ್ಲೆನೆಂದವನ ಮನೆಯ ತೊಟ್ಟಿಲಿಗೆ ಇಂಥ ಹೆಸರು ಹೇಗೆ ಬಂತೆಂದು ಕಥೆಗಾರ ವಿವರಿಸುವುದಿಲ್ಲ. ವಿವರಿಸಬೇಕಾಗಿಯೂ ಇಲ್ಲ.

ಆ ಮಗ ತಾಯಿಯ ಊರಿನ ಗುಡಿಯಿಂದ 70 ಬೆಳ್ಳಿ ನಾಣ್ಯ ಪಡೆದು, ಪುಂಡರನ್ನು ಕೂಲಿಗೆ ಕಟ್ಟಿಕೊಂಡು, ಅಣ್ಣತಮ್ಮಂದಿರನ್ನು ಒಂದೇ ಕಲ್ಲಿನ ಮೇಲೆ ಕೊಲ್ಲಿಸಿ ಅರಸನಾದ. ತಪ್ಪಿಸಿಕೊಂಡ ಕಿರಿಯ ಯೋತಾಮ ಗೆರಿಜ್ಜೀಮ್ ಬೆಟ್ಟದ ಮೇಲೆ ನಿಂತು ಮರಗಳ ಕಥೆ ಹೇಳಿದ. ಮರಗಳು ಅರಸನನ್ನು ಅರಸಿ ಹೊರಟವು. ಎಣ್ಣೆ ಕೊಡುವ ಕೆಲಸ ಬಿಡಲಾರೆನೆಂದಿತು ಆಲಿವ್ ಮರ. ಸಿಹಿಹಣ್ಣು ಬಿಡಲಾರೆನೆಂದಿತು ಅಂಜೂರ. ದ್ರಾಕ್ಷಾರಸ ಬಿಡಲಾರೆನೆಂದಿತು ದ್ರಾಕ್ಷಿಬಳ್ಳಿ. ಒಪ್ಪಿದ್ದು ಮುಳ್ಳಿನ ಪೊದೆ, ತನ್ನ ನೆರಳಿಗೆ ಬನ್ನಿರೆಂದು. ಸಜ್ಜನರು ಹಿಂದೆ ಸರಿದದ್ದರಿಂದ ದುರ್ಜನ ಅರಸನಾದನೆಂದು ಇದರ ಅರ್ಥವಂತೆ! ನಮ್ಮ ಓದು ಬೇರೆ. ಫಲ ಕೊಡುವ ಮರಗಳಿಗೆ ಮಾಡಲು ಕೆಲಸವಿತ್ತು, ಉಳಿದವಕ್ಕೆ ಅವುಗಳಿಂದ ಕೊರತೆಯಿರಲಿಲ್ಲ; ತಪ್ಪಿದ್ದದ್ದು ಪಟ್ಟಕಟ್ಟಲು ಒಬ್ಬನನ್ನು ಹುಡುಕಿದ್ದರಲ್ಲಿ. ಮೂರು ವರ್ಷದ ಆಳ್ವಿಕೆಯ ಬಳಿಕ ತೇಬೇಚಿನಲ್ಲಿ ಹೆಣ್ಣೊಬ್ಬಳು ಗೋಪುರದಿಂದ ಎಸೆದ ಬೀಸುಕಲ್ಲು ಅಬೀಮೆಲೆಕನ ತಲೆಯೊಡೆಯಿತು. ಹೆಂಗಸಿನಿಂದ ಸತ್ತನೆಂಬ ಅಪಕೀರ್ತಿ ಬೇಡವೆಂದು ಅವನು ತನ್ನ ಆಯುಧವಾಹಕನಿಗೆ ಇರಿಯಹೇಳಿದ. ಆಗಲೂ ಅವನಿಗಿದ್ದ ಚಿಂತೆ ಹೆಸರಿನದೇ.

ಕುಲಗಳ ಕಾಲದ ನಾಯಕತ್ವದ ಹುರುಳೇ ಬೇರೆಯಾಗಿತ್ತು. ಹೀಬ್ರೂವಿನ ‘ಶೋಫೆಟ್’ ಪದಕ್ಕೆ ನಮ್ಮ ಅನುವಾದಕರು ನ್ಯಾಯಾಧೀಶ ಎನ್ನದೆ ನ್ಯಾಯಸ್ಥಾಪಕ ಎಂದದ್ದು ಎಷ್ಟು ಹದವಾಗಿದೆ! ಅಧೀಶನಲ್ಲ; ಕೆಟ್ಟದ್ದನ್ನು ಮತ್ತೆ ನಿಲ್ಲಿಸುವವನು, ಅಥವಾ ನಿಲ್ಲಿಸುವವಳು. ರಾಮಕ್ಕೂ ಬೇತೇಲಿಗೂ ನಡುವೆ ಖರ್ಜೂರದ ಮರದಡಿ ಕುಳಿತ ದೆಬೋರಳ ಬಳಿಗೆ ಜನ ತಾವಾಗಿಯೇ ವ್ಯಾಜ್ಯ ತಂದರು. ಅವಳ ಹಾಡಿನಲ್ಲಿ ಯುದ್ಧಕ್ಕೆ ಬಾರದ ರೂಬೇನ್, ಗಿಲ್ಯಾದ್, ದಾನ್, ಆಶೇರ್ ಕುಲಗಳಿಗೆ ಸಿಕ್ಕಿದ್ದು ಮೂದಲಿಕೆ ಮಾತ್ರ. ಕರೆಯಬಹುದಿತ್ತು, ಎಳೆತರುವಂತಿರಲಿಲ್ಲ. ಲೇವಿ ಕುಲದ ಮೋಶೆಯ ಬಳಿಕ ಹೊಣೆ ಹೊತ್ತವನು ಅವನ ಮಗನಲ್ಲ, ಎಫ್ರಾಯೀಮ್ ಕುಲದ ಯೆಹೋಶುವ. ಮೋಶೆಯ ಸಮಾಧಿ ಎಲ್ಲಿದೆಯೆಂದು ಯಾರಿಗೂ ತಿಳಿಯದೆಂದು ಗ್ರಂಥವೇ ಹೇಳುತ್ತದೆ. ಜಾತ್ರೆಗೆ ಜಾಗವೇ ಇಲ್ಲ.

ಹುದ್ದೆಗೆ ಮೊದಲೇ ಬೆಲೆ ಕಟ್ಟಿದವನು ಯೆಫ್ತಾಹ. ಗೆದ್ದರೆ ನಾನೇ ನಿಮಗೆ ತಲೆಯಾಳಾಗುವೆನಷ್ಟೆ, ಎಂದು ಗಿಲ್ಯಾದಿನ ಹಿರಿಯರೊಡನೆ ಚೌಕಾಸಿ ಮಾಡಿಕೊಂಡೇ ಹೊರಟ. ದೇವರೊಡನೆಯೂ ಅದೇ ಚೌಕಾಸಿ. ಅದಕ್ಕೆ ಬಲಿಯಾದವಳು ಒಬ್ಬಳೇ ಮಗಳು. ಮುಂದೆ ಯೊರ್ದನಿನ ಹಾಯಗಡಗಳಲ್ಲಿ ಅವನ ಕಡೆಯವರು ‘ಶಿಬ್ಬೋಲೆತ್’ ಎನ್ನಲಾರದೆ ‘ಸಿಬ್ಬೋಲೆತ್’ ಎಂದವರನ್ನು ಹಿಡಿದು ಕೊಂದರು. ಆ ಕಲಹದಲ್ಲಿ ಸತ್ತ ಎಫ್ರಾಯೀಮ್ಯರ ಸಂಖ್ಯೆಯನ್ನು ಗ್ರಂಥ 42,000 ಎನ್ನುತ್ತದೆ. ಅವರೂ ಇಸ್ರಾಯೇಲ್ಯರೇ. ಹೊರನಾಡಿನಲ್ಲಿ ಬಾಯಿ ತೆರೆದೊಡನೆ ಊರು ಯಾವುದೆಂದು ಕೇಳಿಸಿಕೊಳ್ಳುವ ನಾವಾದರೂ ಈ ಪುಟವನ್ನು ಹಾರಿಸಿ ಓದಲಾರೆವು.

ಅರಸನಿಲ್ಲದ ಕಾಲದಲ್ಲಿ ಪ್ರತಿಯೊಬ್ಬನೂ ಮನಬಂದಂತೆ ನಡೆದನೆಂದು ಅದೇ ಪುಸ್ತಕ ಕೊನೆಯಲ್ಲಿ ಗೋಳಿಡುತ್ತದಲ್ಲ, ಎಂಬುದು ಎದುರುವಾದ. ಗಿಬೆಯದಲ್ಲಿ ಹೆಣ್ಣೊಬ್ಬಳಿಗೆ ಆದ ಅತ್ಯಾಚಾರ, ಅದರಿಂದ ಬೆನ್ಯಾಮೀನ್ ಕುಲವೇ ಅಳಿವಿನಂಚಿಗೆ ಬಂದದ್ದು, ಯಾವುದನ್ನೂ ನಾವು ಮರೆಮಾಚುವುದಿಲ್ಲ. ಆದರೆ ಮದ್ದೆಂದು ತಂದ ಮೊದಲ ಅರಸ ಸೌಲ ಆ ಗಿಬೆಯದವನೇ. ಸೊಲೊಮೋನನ ಬಿಟ್ಟಿ ದುಡಿಮೆ, ಅವನ ಮಗನ ದುಡುಕು, ಹತ್ತು ಕುಲಗಳು ಸಿಡಿದುಹೋದದ್ದು, ಇವೆಲ್ಲ ಅರಸರಿದ್ದ ಕಾಲದವು.

ಅಷ್ಟಕ್ಕೂ ಅರಸ ಬೇಕೆಂಬ ಕೂಗೆದ್ದದ್ದು ಏಕೆ? ಮುಪ್ಪಾದ ಸಮುವೇಲ ತನ್ನ ಮಕ್ಕಳಾದ ಯೋವೇಲ, ಅಬೀಯರನ್ನು ನ್ಯಾಯಸ್ಥಾಪಕರನ್ನಾಗಿ ನೇಮಿಸಿದ. ಅವರು ಬೇರ್ಷೆಬದಲ್ಲಿ ಕುಳಿತು ಲಂಚ ತಿಂದರು. ಅರಸನು ನಿಮ್ಮ ಗಂಡುಮಕ್ಕಳನ್ನು ರಥಗಳಿಗೂ ಹೆಣ್ಣುಮಕ್ಕಳನ್ನು ಅಡುಗೆಮನೆಗೂ ಎಳೆದೊಯ್ಯುವನೆಂದು ಅವನು ಕೊಟ್ಟ ಎಚ್ಚರಿಕೆ ಅಕ್ಷರಶಃ ಸರಿಯಾಗಿತ್ತು. ಆದರೆ ಆ ಬಾಗಿಲಿನ ಅಗುಳಿ ತೆಗೆದವನು ತಾನೇ ಎಂಬುದನ್ನು ಅವನೆಲ್ಲೂ ಹೇಳಲಿಲ್ಲ.

ಮೋಶೆಯ ವಂಶದ್ದೂ ಒಂದು ಸುದ್ದಿಯಿದೆ. ಉತ್ತರಕ್ಕೆ ವಲಸೆಹೋದ ದಾನ್ ಕುಲದವರು ಕದ್ದು ತಂದ ವಿಗ್ರಹಕ್ಕೆ ಪೂಜಾರಿಯಾದವನು ಗೇರ್ಷೋಮನ ಮಗ ಯೋನಾತಾನ. ಅವನ ಬಳಿಕ ಅವನ ಸಂತತಿಯೂ ಆ ಪೀಠ ಬಿಡಲಿಲ್ಲ. ಗೇರ್ಷೋಮ ಮೋಶೆಯ ಮಗ. ಅದನ್ನು ಹಾಗೆಯೇ ಬರೆಯಲು ಲಿಪಿಕಾರರಿಗೆ ನಾಚಿಕೆಯಾಯಿತು. ‘ಮೋಶೆ’ಯ ನಡುವೆ ‘ನೂನ್’ ಅಕ್ಷರವೊಂದನ್ನು ತೂರಿಸಿ ‘ಮನಸ್ಸೆ’ ಎಂದು ಓದಿಸಿದರು. ಆದರೆ ಪೂರಾ ಸುಳ್ಳು ಹೇಳಲಾರದೆ ಆ ಅಕ್ಷರವನ್ನು ಸಾಲಿನಿಂದ ತುಸು ಮೇಲಕ್ಕೆ ಬರೆದರು. ಹೀಬ್ರೂ ಪ್ರತಿಗಳಲ್ಲಿ ಅದು ಇಂದಿಗೂ ಹಾಗೆಯೇ ತೂಗಿಕೊಂಡಿದೆ.