ಮಳಿಗೆಯ ಮುಂದೆ ನಿಲ್ಲುವ ನೀರು ಯಾರ ಲೆಕ್ಕಕ್ಕೆ?

ಮುಂಗಾರು ಕಾಲಿಡುವ ಮುನ್ನ ಅಡಿಕೆ ತೋಟದ ಬಸಿಗಾಲುವೆಯ ಹೂಳನ್ನು ತೆಗೆಸದ ಬೆಳೆಗಾರ ಶಿವಮೊಗ್ಗ ಜಿಲ್ಲೆಯಲ್ಲಿ ವಿರಳ. ಬೇರಿನಲ್ಲಿ ನೀರು ನಿಂತರೆ ಮರ ಉಳಿಯದೆಂಬುದನ್ನು ಆತನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ಅದೇ ಬೆಳೆಗಾರ, ಅಡಿಕೆಯ ಆದಾಯದಿಂದ ನಗರದಲ್ಲಿ ಕಟ್ಟಿಸಿದ ವಾಣಿಜ್ಯ ಸಂಕೀರ್ಣದ ಸುತ್ತ ಮಳೆನೀರು ಎತ್ತ ಹರಿಯುತ್ತದೆಂದು ವಿಚಾರಿಸುವುದು ಅಪರೂಪ. ಮುಂಭಾಗಕ್ಕೆ ಬಣ್ಣದ ಇಂಟರ್‌ಲಾಕ್ ಇಟ್ಟಿಗೆ, ಗೋಡೆಗೆ ಒತ್ತಿ ಹುಲ್ಲುಹಾಸು, ಎರಡು ಅಲಂಕಾರಿಕ ತಾಳೆ ಗಿಡಗಳು ಸಿದ್ಧವಾದರೆ ಕಟ್ಟಡ ಪೂರ್ಣವಾಯಿತೆಂಬ ಭಾವನೆ ಬೇರೂರಿದೆ.

ನಗರದಿಂದ ನವುಲೆಯ ಮಾರ್ಗವಾಗಿ ಸಾಗುವ ಸವಳಂಗ ರಸ್ತೆಯನ್ನೇ ತೆಗೆದುಕೊಳ್ಳಬಹುದು. ಇಂಜಿನಿಯರಿಂಗ್ ಕಾಲೇಜು, ಕೃಷಿ ಮಹಾವಿದ್ಯಾಲಯಗಳಿರುವ ಈ ರಸ್ತೆಯಂತಹ ಕಡೆ, ನೀರನ್ನು ಹೀರುತ್ತಿದ್ದ ತೆರೆದ ನೆಲವು ಕಾಂಕ್ರೀಟಿನಡಿ ಸೇರಿದಷ್ಟೂ ಮಳೆಯ ಹೊರೆ ಚರಂಡಿಯ ಮೇಲೆ ಬೀಳುತ್ತದೆ. 40 ಅಡಿ ಅಗಲ, 60 ಅಡಿ ಉದ್ದದ ನಿವೇಶನದ ಮೇಲೆ 50 ಮಿ.ಮೀ. ಮಳೆ ಸುರಿದರೆ ಬೀಳುವ ನೀರು ಸುಮಾರು 11,000 ಲೀಟರ್. ನಿವೇಶನ ಪೂರ್ತಿ ಮುಚ್ಚಿಹೋಗಿದ್ದಲ್ಲಿ ಅದರಲ್ಲಿ ಬಹುಪಾಲು ಒಂದೇ ಗಳಿಗೆಯಲ್ಲಿ ಹೊರಕ್ಕೆ ಧಾವಿಸುತ್ತದೆ. ದಾರಿ ಸಿಗದಿದ್ದರೆ ಒಳಕ್ಕೆ. 2019ರ ಆಗಸ್ಟ್‌ನಲ್ಲಿ ತುಂಗಾ ನದಿ ಉಕ್ಕಿ ತಗ್ಗು ಬಡಾವಣೆಗಳಿಗೆ ನುಗ್ಗಿದ ಪ್ರವಾಹವನ್ನು ಯಾವ ಮಳಿಗೆಯ ಮಾಲೀಕನೂ ತಡೆಯಬಲ್ಲವನಾಗಿರಲಿಲ್ಲ. ಇಲ್ಲಿ ಪ್ರಸ್ತಾಪಿಸುತ್ತಿರುವುದು ಅಂತಹ ವಿಪತ್ತನ್ನಲ್ಲ. ಪ್ರತಿವರ್ಷ ಅರ್ಧ ಗಂಟೆಯ ಮಳೆಗೆ ಮೊಣಕಾಲೆತ್ತರ ನಿಲ್ಲುವ, ಮಾನವ ನಿರ್ಮಿತ ನೀರನ್ನು.

ಪರಿಹಾರ ನಿಗೂಢವೇನಲ್ಲ. ಪ್ಲಿಂತ್ ಸುತ್ತಲಿನ ನೆಲಕ್ಕಿಂತ ಕನಿಷ್ಠ 45 ಸೆಂ.ಮೀ. ಎತ್ತರದಲ್ಲಿರಬೇಕೆಂಬುದು ರಾಷ್ಟ್ರೀಯ ಕಟ್ಟಡ ಸಂಹಿತೆಯ ನಿಯಮ. ಡಾಂಬರಿನ ಮೇಲೆ ಡಾಂಬರು ಬಿದ್ದು ರಸ್ತೆ ಏರಿದಂತೆಯೂ, ಮಾಲೀಕನೇ ಅಂಗಳಕ್ಕೆ ಮಣ್ಣು ತುಂಬಿಸಿ ಇಟ್ಟಿಗೆ ಹಾಸಿದಂತೆಯೂ ಈ ಎತ್ತರ ಕರಗುತ್ತ ಬರುತ್ತದೆ. ಗೋಡೆಗೆ ಒತ್ತಿಕೊಂಡ ಹೂಪಾತಿಯು ಇನ್ನೂ ಹಾನಿಕರ. ಪಾತಿಯ ಮಣ್ಣು ಗೋಡೆಯೊಳಗಿನ ತೇವತಡೆ ಪದರಕ್ಕಿಂತ ಮೇಲೇರಿದರೆ, ನಿತ್ಯ ಹಾಕುವ ನೀರು ಗೋದಾಮಿನ ಒಳಗೋಡೆಯಲ್ಲಿ ಕಲೆಯಾಗಿ ಮೂಡುತ್ತದೆ. ಬಣ್ಣ ಬಳಿಸಿ ಅದನ್ನು ಮುಚ್ಚುವ ವೆಚ್ಚ ಮರುವರ್ಷವೂ ಬರುತ್ತದೆ. ಗೋಡೆಯಿಂದ ಹೊರಕ್ಕೆ ಮೊದಲ ಹತ್ತು ಅಡಿಯಲ್ಲಿ ಮಣ್ಣಿನ ನೆಲ ಆರು ಇಂಚಿನಷ್ಟು ಇಳಿಯಬೇಕು. ಪಾತಿಯನ್ನು ಗೋಡೆಯಿಂದ ಬಿಡಿಸಿ ಆವರಣದ ಅಂಚಿಗೆ ಒಯ್ದು, ಹಾಸುಗಲ್ಲಿನ ಮಟ್ಟಕ್ಕಿಂತ ತಗ್ಗಿಸಿ, ಲಾವಂಚ ಅಥವಾ ಕಾಬಾಳೆಯಂತಹ ನೀರು ಸಹಿಸುವ ಗಿಡಗಳನ್ನು ನೆಟ್ಟರೆ ಉದ್ಯಾನವೇ ಬಸಿಗಾಲುವೆಯ ಕೆಲಸ ಮಾಡುತ್ತದೆ. ಆಲ, ಅತ್ತಿಯ ಜಾತಿಯ ಮರಗಳನ್ನು ಮಾತ್ರ ಚರಂಡಿಯ ಬಳಿ ಬೆಳೆಸಬಾರದು.

ಇಷ್ಟು ಸರಳವಾದುದು ಏಕೆ ನಡೆಯುತ್ತಿಲ್ಲ? ಮಾಲೀಕರ ಜಿಪುಣತನ, ಬಾಡಿಗೆದಾರರ ಉದಾಸೀನ, ನಗರಪಾಲಿಕೆಯ ನಿರ್ಲಕ್ಷ್ಯ ಎಂಬ ವಾಡಿಕೆಯ ಉತ್ತರಗಳು ಪೂರ್ಣ ಸತ್ಯವಲ್ಲ. ನಿಜವಾದ ಕಾರಣ ಲೆಕ್ಕದ ಪುಸ್ತಕದಲ್ಲಿದೆ. ಕಟ್ಟಡದ ಬಾಡಿಗೆಯನ್ನು ಸ್ಥಿರಾಸ್ತಿಯ ಆದಾಯವೆಂದು ತೋರಿಸುವ ಮಾಲೀಕನಿಗೆ, ಪಾವತಿಸಿದ ಪಾಲಿಕೆ ತೆರಿಗೆಯನ್ನು ಕಳೆದ ಮೊತ್ತದ ಮೇಲೆ ಶೇಕಡ 30ರಷ್ಟು ಕಡಿತ ತಾನಾಗಿಯೇ ದೊರೆಯುತ್ತದೆ. ದುರಸ್ತಿಗೆ ಒಂದು ರೂಪಾಯಿ ಖರ್ಚು ಮಾಡದವನಿಗೂ ಅಷ್ಟೇ, ಎರಡು ಲಕ್ಷ ಸುರಿದವನಿಗೂ ಅಷ್ಟೇ. ಚರಂಡಿ ತೋಡಿಸಿದ ಮಾಲೀಕನಿಗೆ ತೆರಿಗೆಯಲ್ಲಿ ಪ್ರತ್ಯೇಕ ಲಾಭವಿಲ್ಲ. ಅತ್ತ ಬಾಡಿಗೆದಾರ ವ್ಯಾಪಾರಿಗೆ, ದುರಸ್ತಿಯ ವೆಚ್ಚ ತನ್ನದೆಂದು ಆತ ಒಪ್ಪಿಕೊಂಡಿದ್ದರೆ ಮಾತ್ರ ಆ ಖರ್ಚು ಕಾನೂನಿನಂತೆ ಕಡಿತಕ್ಕೆ ಅರ್ಹ. ಬಾಡಿಗೆ ಪತ್ರಗಳಲ್ಲಿ ಬಹುತೇಕವು ವಿದ್ಯುತ್ ಬಿಲ್ಲು, ಮುಂಗಡ ಹಣ, ಸುಣ್ಣಬಣ್ಣಗಳ ವಿಚಾರದಲ್ಲಿ ವಾಚಾಳಿಗಳಾಗಿದ್ದು, ಅಂಗಳದ ನೀರಿನ ವಿಚಾರದಲ್ಲಿ ಮೌನವಾಗಿರುತ್ತವೆ. ಹೀಗೆ ಚರಂಡಿಯು ಇಬ್ಬರ ಲೆಕ್ಕಕ್ಕೂ ಸೇರದ ಅನಾಥ ಆಸ್ತಿಯಾಗುತ್ತದೆ.

ವ್ಯಾಪಾರಿಯ ಪಕ್ಷದಲ್ಲಿ ಈ ಮೌನದ ಬೆಲೆ ಸಣ್ಣದಲ್ಲ. ಒಂದು ಲಕ್ಷ ರೂಪಾಯಿಯ ಚರಂಡಿ ದುರಸ್ತಿಗೆ ಶೇಕಡ 18ರಂತೆ 18,000 ರೂಪಾಯಿ ಸರಕು ಮತ್ತು ಸೇವಾ ತೆರಿಗೆ ಬಿದ್ದಿತೆಂದು ಭಾವಿಸೋಣ. ಹಳೆಯ ಚರಂಡಿಯನ್ನೇ ಸರಿಪಡಿಸಿ, ವೆಚ್ಚವನ್ನು ಆ ವರ್ಷದ ಖರ್ಚಿಗೆ ಬರೆದರೆ, ರಾಜಿ ತೆರಿಗೆ ಪದ್ಧತಿಯಲ್ಲಿಲ್ಲದ ವರ್ತಕನಿಗೆ ಆ 18,000 ಹೂಡುವಳಿ ತೆರಿಗೆ ಜಮೆಯಾಗಿ ಮರಳುತ್ತದೆ. ಲಕ್ಷ ರೂಪಾಯಿ ಅದೇ ವರ್ಷ ಲಾಭದಿಂದ ಕಳೆಯುತ್ತದೆ. ಅದನ್ನೇ ಕಟ್ಟಡದ ಮೌಲ್ಯಕ್ಕೆ ಸೇರಿಸಿದರೆ ತೆರಿಗೆ ಜಮೆಯಿಲ್ಲ. ಒಟ್ಟು 1,18,000ದ ಮೇಲೆ ಶೇಕಡ 10ರ ಸವಕಳಿಯಂತೆ ಮೊದಲ ವರ್ಷ ಸಿಗುವುದು 11,800 ಮಾತ್ರ. ಹಾಗೆಂದು ಹೊಚ್ಚಹೊಸ ಕಾಮಗಾರಿಗೆ ದುರಸ್ತಿಯ ವೇಷ ತೊಡಿಸುವುದು ಅಪಾಯ. ಚಿತ್ರಮಂದಿರವೊಂದನ್ನು ಸಮಗ್ರವಾಗಿ ನವೀಕರಿಸಿದ ವೆಚ್ಚವು ಚಾಲ್ತಿ ದುರಸ್ತಿಯಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 1997ರಲ್ಲಿಯೇ ಬಲ್ಲಿಮಲ್ ನವಲ್ ಕಿಶೋರ್ ಪ್ರಕರಣದಲ್ಲಿ ತೀರ್ಮಾನಿಸಿದೆ. ಇದ್ದುದನ್ನು ಉಳಿಸಿಕೊಳ್ಳುವುದು ದುರಸ್ತಿ. ಇಲ್ಲದುದನ್ನು ತರುವುದು ಬಂಡವಾಳ. ವರ್ಷವರ್ಷವೂ ಹೂಳೆತ್ತಿ, ಬಿರುಕು ಮುಚ್ಚುತ್ತ ಬಂದವನಿಗೆ ಈ ಗೊಂದಲವೇ ಬರುವುದಿಲ್ಲ. ಹತ್ತು ವರ್ಷ ಸುಮ್ಮನಿದ್ದು ಒಮ್ಮೆಲೇ ಅಗೆಸಿದವನಿಗೆ ಬರುತ್ತದೆ.

ವಿಮೆ ಇದೆಯಲ್ಲ ಎಂಬ ಧೈರ್ಯವೂ ಅರ್ಧದಷ್ಟೇ ನಿಜ. ಒಂದೆಡೆ 5 ಕೋಟಿ ರೂಪಾಯಿವರೆಗಿನ ಸ್ವತ್ತಿರುವ ಉದ್ದಿಮೆಗಳಿಗಾಗಿ 2021ರ ಏಪ್ರಿಲ್ 1ರಿಂದ ಜಾರಿಗೆ ಬಂದ ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ ಪಾಲಿಸಿಯು ಪ್ರವಾಹ, ಜಲಾವೃತಗಳ ನಷ್ಟವನ್ನು ಒಳಗೊಳ್ಳುತ್ತದೆ. ಆದರೆ ಗೋಡೆಯಲ್ಲಿ ತಿಂಗಳುಗಟ್ಟಲೆ ಜಿನುಗಿ ಸಿಮೆಂಟ್ ಚೀಲವನ್ನು ಗಟ್ಟಿಯಾಗಿಸಿದ ತೇವಕ್ಕೆ ಪರಿಹಾರ ಕೇಳಲಾಗದು.

ಆದ್ದರಿಂದ ಬಾಡಿಗೆ ಪತ್ರವನ್ನು ನವೀಕರಿಸುವ ಮುನ್ನ ಎರಡು ವಾಕ್ಯಗಳನ್ನು ಸೇರಿಸುವುದು ಲೇಸು. ಇಳಿಜಾರು, ಹೊಸ ಚರಂಡಿ, ಪ್ಲಿಂತ್‌ಗಳ ಹೊಣೆ ಮಾಲೀಕನದು. ಹೂಳೆತ್ತುವಿಕೆ, ಸಣ್ಣ ದುರಸ್ತಿ, ಗಿಡಗಳ ಆರೈಕೆಯ ವೆಚ್ಚ ಬಾಡಿಗೆದಾರನದು. ಪ್ರತಿವರ್ಷ ಮೇ 15ರೊಳಗೆ ಅದು ಮುಗಿಯತಕ್ಕದ್ದು. ಇದರಿಂದ ವ್ಯಾಪಾರಿಗೆ ಹೊರೆ ಹೆಚ್ಚಿತೆಂದು ಕಂಡರೂ, ಈಗಲೂ ಒದ್ದೆ ಸರಕಿನ ರೂಪದಲ್ಲಿ ಆತನೇ ತೆರುತ್ತಿದ್ದಾನೆ; ವ್ಯತ್ಯಾಸವೆಂದರೆ ಅದಕ್ಕೆ ರಸೀದಿ ಇಲ್ಲ. ಹೊಣೆ ಬರಹದಲ್ಲಿದ್ದರೆ ಬಾಡಿಗೆಯ ಮೊತ್ತದಲ್ಲಿ ಚೌಕಾಸಿಗೂ ಆಸ್ಪದ.

ಒಬ್ಬನ ಅಂಗಳ ಸರಿಯಾದರೂ ಪಕ್ಕದವನ ಚಪ್ಪಡಿಯ ಕೆಳಗೆ ನೀರು ಕಟ್ಟಿಕೊಂಡರೆ ಪ್ರಯೋಜನವಿಲ್ಲ. ಮೆಟ್ಟಿಲಿಗಾಗಿ, ದ್ವಿಚಕ್ರ ವಾಹನ ನಿಲುಗಡೆಗಾಗಿ ಪಾಲಿಕೆಯ ಚರಂಡಿಯ ಮೇಲೆ ಅಖಂಡ ಕಾಂಕ್ರೀಟ್ ಸುರಿದವರು ವ್ಯಾಪಾರಿಗಳೇ ಎಂಬುದನ್ನು ಒಪ್ಪಿಕೊಳ್ಳದೆ ಪಾಲಿಕೆಯನ್ನು ದೂರುವುದು ನ್ಯಾಯವಾಗದು. ಮುಚ್ಚಿದ ಚರಂಡಿಯೊಳಗೆ ಯಾವ ಪೌರಕಾರ್ಮಿಕನೂ ಸಲಿಕೆ ಇಳಿಸಲಾರ. ಒಂದೇ ಸಾಲಿನ ಹತ್ತು ಮಳಿಗೆಯವರು ಕೂಡಿ, ಪಾಲಿಕೆಯ ಅನುಮತಿ ಪಡೆದು, ಆ ಕಾಂಕ್ರೀಟನ್ನು ಒಡೆಸಿ, ಇಬ್ಬರು ಎತ್ತಬಹುದಾದ ಎರಡಡಿ ಅಗಲದ ಬಿಡಿ ಚಪ್ಪಡಿಗಳನ್ನು ಕಬ್ಬಿಣದ ಬಳೆ ಸಹಿತ ಕೂರಿಸಿದರೆ, ವೆಚ್ಚವನ್ನು ಮುಂಭಾಗದ ಅಡಿಯ ಲೆಕ್ಕದಲ್ಲಿ ಹಂಚಿಕೊಳ್ಳಬಹುದು. ಗುತ್ತಿಗೆದಾರನಿಂದ ಬಿಲ್ಲನ್ನು ಪ್ರತಿ ಮಳಿಗೆಯ ಹೆಸರಿಗೆ ಪ್ರತ್ಯೇಕವಾಗಿ ಪಡೆಯತಕ್ಕದ್ದು.