ನೋಡಿ ಕಲಿಯುವ ವಿದ್ಯೆ

ವಾಸ್ತುಶಿಲ್ಪದ ವಿದ್ಯಾರ್ಥಿ ಅನುಭವಿಯೊಬ್ಬರ ಬೆನ್ನಿಗಿದ್ದು, ಅವರ ಕೆಲಸವನ್ನು ನೋಡಿ ಕಲಿಯುವ ಪದ್ಧತಿ ಹೊಸದೇನಲ್ಲ. ಬಾಲಕೃಷ್ಣ ದೋಶಿಯವರು 1951ರಲ್ಲಿ ಪ್ಯಾರಿಸ್ಸಿಗೆ ಹೋಗಿ ಲ ಕಾರ್ಬೂಸಿಯೆ ಅವರ ಕಚೇರಿ ಸೇರಿದರು. ಮೊದಲ ಕೆಲವು ತಿಂಗಳು ಸಂಬಳವಿಲ್ಲದೆಯೇ ದುಡಿದರು. ಮುಂದೆ 1962ರಲ್ಲಿ ಅಹಮದಾಬಾದಿನಲ್ಲಿ ವಾಸ್ತುಶಿಲ್ಪ ಶಾಲೆಯನ್ನು ಸ್ಥಾಪಿಸಿದರು. ಬೆಂಗಳೂರಿನ ಐಐಎಂನ ಕಲ್ಲುಗೋಡೆಗಳೂ ನೆರಳು ಬೆಳಕಿನ ಓಣಿಗಳೂ ಅವರ ಕಲ್ಪನೆಯೇ.

ಈ ಕಥೆಯಿಂದ ನಾವು ತಪ್ಪು ಪಾಠ ಕಲಿಯಬಾರದು. ಸಂಬಳವಿಲ್ಲದ ದುಡಿಮೆಯನ್ನು ತಪಸ್ಸೆಂದು ಹೊಗಳುವುದು ಸುಲಭ. ಆದರೆ ಗಾರೆಯವನ ಮಗಳಿಗೆ ಅದು ಮುಚ್ಚಿದ ಬಾಗಿಲೇ ಸರಿ. ಕಟ್ಟುವ ಕೆಲಸವನ್ನು ಕಂಡೇ ಬೆಳೆದವಳು ಹೊರಗುಳಿದರೆ ನಷ್ಟ ಅವಳೊಬ್ಬಳದಲ್ಲ, ವಿದ್ಯೆಯದೂ ಹೌದು. ಕಚೇರಿಯವರು ಕಡೆಯ ಪಕ್ಷ ಬಸ್ಸಿನ ಖರ್ಚನ್ನೂ ಮಧ್ಯಾಹ್ನದ ಊಟವನ್ನೂ ಕೊಡಲಿ.

ಕೊಡಬೇಕಾದುದು ಇನ್ನೊಂದುಂಟು: ಕಾರಣ. ಪಡುವಣ ಗೋಡೆಗೆ ಕಿಟಕಿ ಚಿಕ್ಕದೇಕೆ, ಅಡುಗೆಮನೆಯ ಕಟ್ಟೆ ಇಷ್ಟೇ ಎತ್ತರವೇಕೆ, ಎಳೆದ ಗೆರೆಯನ್ನು ಅಳಿಸಿದ್ದೇಕೆ? ಇವನ್ನು ಬಾಯಿಬಿಟ್ಟು ಹೇಳದಿದ್ದರೆ ಶಿಷ್ಯನಿಗೆ ಕಾಣುವುದು ಗುರುವಿನ ಕೈ ಮಾತ್ರ, ಬುದ್ಧಿಯಲ್ಲ.

ಕನ್ನಡದ ಅಧ್ಯಾಪಕನಾದ ನಾನು ಒಂದು ಮಾತು ಸೇರಿಸುತ್ತೇನೆ. ಕಂಡದ್ದನ್ನು ವಿದ್ಯಾರ್ಥಿ ದಿನವೂ ಹತ್ತು ಸಾಲು ಕನ್ನಡದಲ್ಲಿ ಬರೆಯಲಿ. ಗಾರೆಯವನಿಗೆ ತಿಳಿಯುವಂತೆ ಬರೆಯಬಲ್ಲವನಿಗೆ ನಕ್ಷೆಯೂ ತಿಳಿದಿದೆಯೆಂದು ನಂಬಬಹುದು.