ಬಿಯರಿಗೂ ಒಂದು ಸಹಕಾರ ಸಂಘ

ಪುಣೆಯಿಂದ ಅಹಿಲ್ಯಾನಗರದ ದಾರಿ ಹಿಡಿದು (ಇಲ್ಲಿಯವರ ಬಾಯಲ್ಲಿ ಅದಿನ್ನೂ ನಗರವೇ) ಸುಮಾರು 50 ಕಿಲೋಮೀಟರ್ ಬಂದರೆ ರಾಂಜಣಗಾಂವ. ಹೊರಗಿನವರಿಗೆ ಈ ಊರು ಗೊತ್ತಿರುವುದು ಎರಡು ಕಾರಣಕ್ಕೆ. ಒಂದು, ಅಷ್ಟವಿನಾಯಕ ಯಾತ್ರೆಯ ಮಹಾಗಣಪತಿ. ಇನ್ನೊಂದು, ಎಂಐಡಿಸಿ. ಕಾರು, ಫ್ರಿಜ್, ಟಿವಿ ತಯಾರಾಗುವ ಈ ಕೈಗಾರಿಕಾ ಪ್ರದೇಶದ ಚಹಾದಂಗಡಿಗಳ ಮುಂದೆ ಪಾಳಿ ಬದಲಾಗುವ ಹೊತ್ತಿಗೆ ನಿಂತರೆ ವಿಜಯಪುರ, ಕಲಬುರಗಿ, ಬೀದರ್ ಕಡೆಯ ಕನ್ನಡ ಕಿವಿಗೆ ಬೀಳುತ್ತದೆ. ಈ ಹುಡುಗರಲ್ಲಿ ಬಿಯರ್ ಕುಡಿಯುವವರು ವೈನ್ ಶಾಪಿಗೆ ಹೋಗಿ ಕೇಳುವುದು ಬಹುಮಟ್ಟಿಗೆ ಒಂದೇ ಪದ: ‘ಸ್ಟ್ರಾಂಗ್’. ಯಾವ ಕಂಪನಿ, ಯಾವ ರುಚಿ ಎನ್ನುವುದು ಆಮೇಲಿನ ಮಾತು. ಕೊಟ್ಟ ದುಡ್ಡಿಗೆ ಎಷ್ಟು ಏರುತ್ತದೆ ಎನ್ನುವುದೇ ಲೆಕ್ಕ. ಅವರನ್ನು ದೂರಿ ಫಲವಿಲ್ಲ. ಅವರಿಗೆ ಸಿಗುವ ಬಿಯರ್ ಇರುವುದೇ ಹಾಗೆ.

ಇದೇ ಪುಣೆಯಲ್ಲಿ 2009ರಲ್ಲಿ ದೇಶದ ಮೊದಲ ಮೈಕ್ರೋಬ್ರೂವರಿ ಎಂದು ಹೆಸರಾದ ‘ಡೂಲಾಲಿ’ ಶುರುವಾಯಿತು. ಸುಕೇತು ತಳೇಕರ್ ಮತ್ತು ಪ್ರತೀಕ್ ಚತುರ್ವೇದಿ ಎಂಬ ಇಬ್ಬರು ಜರ್ಮನಿಯ ಆಲಿವರ್ ಶೌಫ್ ಅವರನ್ನು ಬ್ರೂಮಾಸ್ಟರ್ ಆಗಿ ಕರೆತಂದು ಕಟ್ಟಿದ್ದು. (ಹೆಸರಿನ ಹಿಂದೆ ಒಂದು ತಮಾಷೆಯಿದೆ. ನಾಸಿಕದ ಬಳಿಯ ದೇವಳಾಲಿ ಕ್ಯಾಂಪಿನಲ್ಲಿ ಹಡಗಿಗಾಗಿ ಕಾದು ಕಾದು ತಲೆಕೆಟ್ಟ ಬ್ರಿಟಿಷ್ ಸಿಪಾಯಿಗಳಿಂದ ಇಂಗ್ಲಿಷಿಗೆ ಬಂದ ಪದ ಅದು.) ಮರುವರ್ಷ ಬೆಂಗಳೂರಿನ ಇಂದಿರಾನಗರದಲ್ಲಿ ‘ಟಾಯ್ಟ್’ ಬಂತು, ಆಮೇಲಿನದು ನಿಮಗೆ ಗೊತ್ತೇ ಇದೆ. ಈ ಜನರ ಬಿಯರ್ ಪ್ರೀತಿಯ ಬಗ್ಗೆ ನನಗೆ ಅನುಮಾನವಿಲ್ಲ. ಬಾರ್ಲಿ, ಹಾಪ್ಸ್, ಯೀಸ್ಟ್, ನೀರು ಇಷ್ಟರಲ್ಲೇ ಎಷ್ಟು ಬಗೆ ಇದೆ ಎಂದು ನಮಗೆ ತೋರಿಸಿಕೊಟ್ಟವರು ಅವರೇ. ಆದರೆ ಆ ಪ್ರೀತಿ ಕೋರೆಗಾಂವ್ ಪಾರ್ಕ್ ದಾಟಿ ನಗರ ರಸ್ತೆಯಲ್ಲಿ ಇಷ್ಟು ದೂರ ಬರಲಿಲ್ಲ. ಪರವಾನಗಿ ಶುಲ್ಕ, ಜಾಗ, ಉಕ್ಕಿನ ಟ್ಯಾಂಕುಗಳು ಎಲ್ಲ ಸೇರಿದರೆ ಅದು ದೊಡ್ಡ ಬಂಡವಾಳದ ಆಟ. ಬಂಡವಾಳ ಹಾಕಿದವನು ಒಂದು ಗ್ಲಾಸಿಗೆ ಹೆಚ್ಚು ಹಣ ತೆರಬಲ್ಲವನನ್ನೇ ಹುಡುಕಿಕೊಂಡು ಹೋಗುತ್ತಾನೆ.

ನನ್ನ ತಕರಾರು ಶುರುವಾಗುವುದು ಇಲ್ಲಿ. ಬಿಯರನ್ನು ಪ್ರೀತಿಸುವ ನೂರು ಜನ ತಲಾ ಒಂದು ಷೇರು ಹಾಕಿ ತಮ್ಮದೇ ಒಂದು ಸಣ್ಣ ಬ್ರೂವರಿ ಯಾಕೆ ಕಟ್ಟಬಾರದು? ಈ ಪ್ರಶ್ನೆ ಬೇರೆಲ್ಲಾದರೂ ವಿಚಿತ್ರ ಅನ್ನಿಸಬಹುದು, ಇಲ್ಲಿ ಅನ್ನಿಸಬಾರದು. ಇದೇ ರಸ್ತೆಯ ಆಚೆ ಜಿಲ್ಲೆಯಲ್ಲಿ, ಪ್ರವರಾನಗರದಲ್ಲಿ, ವಿಠ್ಠಲರಾವ್ ವಿಖೆ ಪಾಟೀಲರು ಅರ್ಥಶಾಸ್ತ್ರಜ್ಞ ಧನಂಜಯರಾವ್ ಗಾಡ್ಗೀಳರ ಜೊತೆಗೂಡಿ ರೈತರ ಷೇರಿನಿಂದ ಸಕ್ಕರೆ ಕಾರ್ಖಾನೆ ಎಬ್ಬಿಸಿದ್ದು 1950ರ ಹೊತ್ತಿಗೆ. ಕನ್ನಡಿಗರಿಗಂತೂ ಸಹಕಾರ ಇನ್ನೂ ಹಳೆಯ ಪಾಠ. ಗದಗ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಸಂಘ ಕಟ್ಟಿದ್ದು 1905ರಲ್ಲಿ. ಇನ್ನೂ ಒಂದು ಮಾತಿದೆ. ಮಹಾರಾಷ್ಟ್ರದ ಎಷ್ಟೋ ಸಹಕಾರಿ ಸಕ್ಕರೆ ಕಾರ್ಖಾನೆಗಳ ಅಂಗಳದಲ್ಲಿ ಡಿಸ್ಟಿಲರಿ ಇದೆ. ಕಾಕಂಬಿಯಿಂದ ಮದ್ಯಸಾರ ಇಳಿಸುವ ಸ್ಥಾವರಕ್ಕೆ ಸಾವಿರಾರು ಕಬ್ಬು ಬೆಳೆಗಾರರು ಜಂಟಿ ಒಡೆಯರು. ಅದರಿಂದ ಯಾರ ಮಡಿಯೂ ಕೆಟ್ಟಿಲ್ಲ. ಬಿಯರ್ ಎಂದ ಕೂಡಲೇ ಮಾತ್ರ ಮುಖ ಕಿವುಚುತ್ತೇವೆ.

ಮಹಾರಾಷ್ಟ್ರದ ಕಾನೂನಿನಲ್ಲಿ ಸಮುದಾಯಕ್ಕೆ ಮದ್ಯದ ಮೇಲೆ ಒಂದು ಅಧಿಕಾರ ಇದ್ದೇ ಇದೆ. ಊರಿನ ಹೆಂಗಸರು ಸಾಕಷ್ಟು ಸಂಖ್ಯೆಯಲ್ಲಿ ಅರ್ಜಿ ಕೊಟ್ಟರೆ ಮದ್ಯದಂಗಡಿ ಇರಬೇಕೋ ಬೇಡವೋ ಎಂದು ಮತದಾನ ನಡೆಯುತ್ತದೆ. ಮತಪತ್ರದಲ್ಲಿ ಎರಡು ಚಿತ್ರ: ‘ಉಭಿ ಬಾಟ್ಲಿ’, ‘ಆಡ್ವಿ ಬಾಟ್ಲಿ’. ನಿಂತ ಬಾಟಲಿ ಗೆದ್ದರೆ ಅಂಗಡಿ ಉಳಿಯಿತು, ಮಲಗಿದ ಬಾಟಲಿಗೆ ಅರ್ಧಕ್ಕಿಂತ ಹೆಚ್ಚು ಮತ ಬಿದ್ದರೆ ಬಾಗಿಲು ಹಾಕಬೇಕು. ನನಗೆ ಬಹಳ ಇಷ್ಟವಾದ ಕಾನೂನು ಇದು. ಆದರೆ ಇದರಲ್ಲಿ ಊರಿಗಿರುವುದು ಮುಚ್ಚಿಸುವ ಹಕ್ಕು ಮಾತ್ರ. ಏನು ಮಾರಬೇಕು, ಎಷ್ಟು ಮಾರಬೇಕು, ಎಷ್ಟು ಹೊತ್ತಿಗೆ ಬಾಗಿಲು ಹಾಕಬೇಕು, ಲಾಭ ಎಲ್ಲಿಗೆ ಹೋಗಬೇಕು ಎಂದು ಕೂತು ತೀರ್ಮಾನಿಸುವ ಹಕ್ಕು ಪರವಾನಗಿ ಕೊಂಡವನದು. ಊರಿನ ಪಾಲಿಗೆ ಉಳಿದದ್ದು ಹೌದು ಅಥವಾ ಇಲ್ಲ.

ಜರ್ಮನಿಯ ಬವೇರಿಯದಲ್ಲಿ, ಓಬರ್‌ಫಾಲ್ಟ್ಸ್ ಎಂಬ ಸೀಮೆಯಲ್ಲಿ, ವಿಂಡಿಶ್‌ಎಶೆನ್‌ಬಾಖ್, ಫಾಲ್ಕೆನ್‌ಬೆರ್ಗ್ ಮೊದಲಾದ ಕೆಲವು ಊರುಗಳಲ್ಲಿ ಇವತ್ತಿಗೂ ಊರೊಟ್ಟಿನ ಬ್ರೂವರಿಗಳಿವೆ. ಬಿಯರ್ ಮಾಡುವ ಹಕ್ಕು ಅಲ್ಲಿ ಮನೆಗೆ ಅಂಟಿಕೊಂಡು ಬಂದದ್ದು. ಸೌದೆ ಒಲೆಯ ಸಾಮೂಹಿಕ ಭಟ್ಟಿಯಲ್ಲಿ ಮಾಲ್ಟ್ ಕುದಿಸಿ, ಆ ರಸವನ್ನು ತಮ್ಮ ತಮ್ಮ ನೆಲಮಾಳಿಗೆಗೆ ಒಯ್ದು ಹುದುಗಿಸುತ್ತಾರೆ. ಯಾರ ಮನೆಯಲ್ಲಿ ಬಿಯರ್ ತಯಾರಿದೆಯೋ ಆ ಮನೆ ಮುಂದೆ ಆರು ಮೂಲೆಯ ನಕ್ಷತ್ರ ತೂಗುತ್ತದೆ. ಅದನ್ನು ‘ತ್ಸೊಯ್ಗ್ಲ್’ ಎನ್ನುತ್ತಾರೆ. ಹೊಸ ಕಾಲದ ಉದಾಹರಣೆಯೂ ಉಂಟು. ಇಂಗ್ಲೆಂಡಿನ ಕಂಬ್ರಿಯಾದ ಹೆಸ್ಕೆಟ್ ನ್ಯೂಮಾರ್ಕೆಟ್ ಎಂಬ ಹಳ್ಳಿಯಲ್ಲಿ ಪಬ್ಬಿನ ಹಿಂದಿನ ಸಣ್ಣ ಬ್ರೂವರಿಯನ್ನು 1999ರಲ್ಲಿ ಜನ ಸೇರಿ ಸಹಕಾರ ಸಂಘವಾಗಿ ಕೊಂಡುಕೊಂಡರು. 2003ರಲ್ಲಿ ಪಬ್ಬನ್ನೂ ಕೊಂಡರು.

ಹಾಗೆಂದು ಷೇರು ಹಂಚಿದ್ದೆಲ್ಲ ಸಹಕಾರವಲ್ಲ. ಸ್ಕಾಟ್ಲೆಂಡಿನ ಬ್ರೂಡಾಗ್ 2009ರಿಂದ ತನ್ನ ಅಭಿಮಾನಿಗಳಿಗೇ ಷೇರು ಮಾರುತ್ತ ಬಂತು, ಲಕ್ಷಗಟ್ಟಲೆ ಜನ ಕೊಂಡರು. 2017ರಲ್ಲಿ ಟಿಎಸ್‌ಜಿ ಎಂಬ ಹೂಡಿಕೆ ಸಂಸ್ಥೆ ಒಳಗೆ ಬಂದಾಗ, ವರ್ಷಕ್ಕೆ ಶೇ. 18ರಂತೆ ಬೆಳೆಯುವ, ಸಣ್ಣ ಷೇರುದಾರರಿಗಿಂತ ಮೊದಲು ತೀರಿಸಬೇಕಾದ ಪಾಲು ಅದಕ್ಕೆ ಸಿಕ್ಕಿತು. ಅಮೆರಿಕದ ನ್ಯೂ ಬೆಲ್ಜಿಯಂ ಬ್ರೂವರಿ ಪೂರ್ತಿ ಕೆಲಸಗಾರರದೇ ಆಗಿತ್ತು. 2019ರಲ್ಲಿ ಆ ಕೆಲಸಗಾರರೇ ಮತ ಹಾಕಿ ಜಪಾನಿನ ಕಿರಿನ್ ಬಳಗಕ್ಕೆ ಅದನ್ನು ಮಾರಿದರು. ಅವರಿಗೆ ಒಳ್ಳೆ ದುಡ್ಡು ಬಂತು, ಅದನ್ನು ತಪ್ಪೆನ್ನಲಾರೆ. ಆದರೆ ಒಬ್ಬರಿಗೆ ಒಂದೇ ಮತ, ಆಸ್ತಿ ಮಾರಲು ಕಷ್ಟ ಎನ್ನುವ ಸಹಕಾರದ ಹಳೇ ಕಟ್ಟುಪಾಡುಗಳು ಯಾಕೆ ಬೇಕು ಎಂದು ಈ ಎರಡು ಕಥೆ ಕೇಳಿದ ಮೇಲೆ ವಿವರಿಸಬೇಕಿಲ್ಲ.

ಅಷ್ಟು ದೂರ ಯಾಕೆ, ದಕ್ಷಿಣ ಕನ್ನಡ, ಉಡುಪಿಯ ಮೂರ್ತೆದಾರರ ಸಹಕಾರ ಸಂಘಗಳೇ ಇಲ್ಲವೇ? ತಾಳೆ, ತೆಂಗಿನ ಮರ ಹತ್ತಿ ಕಳ್ಳು ಇಳಿಸುವವರು ತಮ್ಮದೇ ಸಂಘ ಕಟ್ಟಿಕೊಂಡದ್ದು. ಈಗ ಅವುಗಳಲ್ಲಿ ಹಲವಕ್ಕೆ ಕಳ್ಳಿಗಿಂತ ಠೇವಣಿ, ಸಾಲದ ವ್ಯವಹಾರವೇ ದೊಡ್ಡದು. ಮರ ಹತ್ತುವವರೂ ಕಡಿಮೆಯಾದರು. ಆದರೂ ಹುದುಗಿದ ಪೇಯವೊಂದರ ಸುತ್ತ ದುಡಿಯುವವರೇ ಒಡೆಯರಾಗಿರುವ ಸಂಸ್ಥೆ ಕನ್ನಡ ನೆಲದಲ್ಲಿ ಸಾಧ್ಯವೇ ಎಂದು ಕೇಳುವವರಿಗೆ ಉತ್ತರವಾಗಿ ಅವು ನಿಂತಿವೆ.

ಕುಡಿತ ಮನೆ ಹಾಳುಮಾಡುತ್ತದೆ, ನೀನು ಅದಕ್ಕೆ ಸಂಘ ಕಟ್ಟು ಅನ್ನುತ್ತೀಯಾ ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ಕರ್ನಾಟಕದಲ್ಲಿ 2007ರ ಜುಲೈನಿಂದ ಸಾರಾಯಿ ನಿಂತಿತು. ಅದರ ಹಿಂದೆ ಎಷ್ಟು ಹೆಂಗಸರ ಕಣ್ಣೀರಿತ್ತು ಎಂದು ಹಳ್ಳಿಯಲ್ಲಿ ಬೆಳೆದವರಿಗೆ ಹೇಳಬೇಕಿಲ್ಲ. ಆದರೆ ಸಾರಾಯಿ ಹೋದ ಜಾಗಕ್ಕೆ ಕಂಪನಿಯ ಅಗ್ಗದ ಪ್ಯಾಕೆಟ್ಟು ಬಂದು ಕೂತಿತು, ಕುಡಿಯುವವನು ಕುಡಿಯುತ್ತಲೇ ಇದ್ದ. ಹೆಚ್ಚು ಮಾರಿದಷ್ಟೂ ಲಾಭ ಎನ್ನುವವನ ಕೈಯಲ್ಲಿ ಮದ್ಯ ಇರುವವರೆಗೆ ಅದು ಹಾಗೇ. ಸಾಮಾನ್ಯ ಸಭೆಯಲ್ಲಿ ಹೆಂಡತಿಯೂ ಷೇರುದಾರಳಾಗಿ ಎದ್ದು ನಿಂತು, ತಲೆಗೆ ಎರಡು ಗ್ಲಾಸಿನ ಮೇಲೆ ಕೊಡಕೂಡದು, ಉದ್ರಿ ಬರೆಯಕೂಡದು ಎಂದು ಠರಾವು ಮಂಡಿಸಬಲ್ಲ ಬ್ರೂವರಿ ಬೇರೆ ಥರದ್ದು. ಕುಡಿತದ ಚಟಕ್ಕೆ ಅದು ಮದ್ದಲ್ಲ. ಅದಕ್ಕೆ ಆಸ್ಪತ್ರೆ ಬೇಕು.

ಹಾಗೊಂದು ಸಂಘ ಆದರೆ ಅದರ ಬಿಯರ್ ಯಾವುದಿರಬೇಕು ಎನ್ನುವುದರಲ್ಲಿ ನನಗೆ ಸಂಶಯವಿಲ್ಲ: ಜೋಳ. ಶಿರೂರಿನಿಂದ ಸೊಲ್ಲಾಪುರ, ವಿಜಯಪುರದವರೆಗೆ ಹಿಂಗಾರಿಯ ಮಾಲದಂಡಿ ಜೋಳದ್ದೇ ಸೀಮೆ. ಅದೇ ರೊಟ್ಟಿ ತಿಂದು ಬೆಳೆದವರು ಇಲ್ಲಿ ಪಾಳಿ ಮಾಡುತ್ತಿರುವುದು. ಆಫ್ರಿಕದ ದಕ್ಷಿಣದಲ್ಲಿ ಹೆಂಗಸರು ತಲೆಮಾರುಗಳಿಂದ ಜೋಳದ ಬಿಯರ್ ಮಾಡುತ್ತಿದ್ದಾರೆ. ಸುಲಭವೇನಲ್ಲ. ಜೋಳದ ಪಿಷ್ಟ ಬೇಯಲು ಬಾರ್ಲಿಗಿಂತ ಹೆಚ್ಚು ಕಾವು ಬೇಕು, ಅದನ್ನು ಸಕ್ಕರೆ ಮಾಡುವ ಕಿಣ್ವವೂ ಜೋಳದ ಮೊಳಕೆಯಲ್ಲಿ ಕಡಿಮೆ. ಹಾಗಾಗಿ ಒಂದಿಷ್ಟು ಬಾರ್ಲಿ ಮಾಲ್ಟ್ ಬೆರೆಸಬೇಕಾಗುತ್ತದೆ. ಉಳಿದ ಚರಟ ದನಕ್ಕೆ ಒಳ್ಳೆಯ ಮೇವು.

ಸರ್ಕಾರದಿಂದ ಕೇಳುವುದು ದೊಡ್ಡದೇನಲ್ಲ. ಸದಸ್ಯರಿಗೆ ಮಾತ್ರ ಮಾರುವ, ದಿನಕ್ಕೆ ಇಷ್ಟೇ ಲೀಟರ್ ಎಂಬ ಮಿತಿಯ, ಶೇ. 5 ದಾಟದ ಬಿಯರಿಗೆ ಒಂದು ಸಣ್ಣ ಪರವಾನಗಿ, ಸಣ್ಣ ಶುಲ್ಕ. ಈ ರಾಜ್ಯದಲ್ಲಿ ಕುಡಿಯುವುದಕ್ಕೇ ಪರ್ಮಿಟ್ ಬೇಕು ಎಂಬ ನಿಯಮ ಕಾಗದದ ಮೇಲೆ ಇನ್ನೂ ಇದೆ. ಒಂದು ದಿನದ್ದು, ಒಂದು ವರ್ಷದ್ದು, ಆಜೀವದ್ದು ಎಂದು ಬಗೆಬಗೆಯ ಪರ್ಮಿಟ್ ಛಾಪಿಸುವ ಇಲಾಖೆಗೆ ಇನ್ನೊಂದು ನಮೂನೆ ಛಾಪಿಸುವುದು ಕಷ್ಟವಾಗಲಾರದು.